ಸ್ತರಭಂಗದ ಮೇಲೆ ನಿಂತ ಕ್ರೀಡಾಂಗಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಕ್ಯಾಲಿಫೋರ್ನಿಯಾದ ಭೂಕಂಪಗಳ ಬಗ್ಗೆ ಉತ್ತರಿಸುವಾಗ, ಬರ್ಕ್ಲಿ ನಗರದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣವು ಹೇವರ್ಡ್ ಸ್ತರಭಂಗದ (ನೆಲದಡಿಯ ಬಂಡೆ ಸೀಳಿ, ಎರಡು ಬದಿಗಳು ಒಂದಕ್ಕೊಂದು ಸರಿಯುವ ಬಿರುಕಿನ) ಮೇಲೆಯೇ ನಿಂತಿದೆ ಎಂದು ಒಂದು ಸಾಲಿನಲ್ಲಿ ಬರೆದಿದ್ದೆ. ಆ ಒಂದು ಸಾಲನ್ನು ಹಿಡಿದು ಬಂದ ಪತ್ರಗಳೇ ಈ ಬಾರಿ ಹೆಚ್ಚು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಕ್ಯಾಲಿಫೋರ್ನಿಯಾ ಮೆಮೋರಿಯಲ್ ಸ್ಟೇಡಿಯಂ ಎಂಬ ಆ ಕಟ್ಟಡಕ್ಕೆ, ಅದರ ಇತಿಹಾಸಕ್ಕೆ ಮತ್ತು 2010ರಿಂದ 2012ರವರೆಗೆ ನಡೆದ ಅದರ ನವೀಕರಣಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಒಂದು ವಿಶ್ವವಿದ್ಯಾಲಯದ ಆಟಕ್ಕೆ ಅರವತ್ತು ಎಪ್ಪತ್ತು ಸಾವಿರ ಜನ ಕೂರುವ ಕ್ರೀಡಾಂಗಣ ಏಕೆ ಬೇಕಾಯಿತು? ಅಲ್ಲಿ ಆಡುವುದು ನಾವು ಆಡುವ ಫುಟ್‌ಬಾಲೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಅಲ್ಲ. ಅಲ್ಲಿ ಆಡುವುದು ಅಮೆರಿಕನ್ ಫುಟ್‌ಬಾಲ್. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡವುವ ಆಟ ಅದು; ತಂಡಕ್ಕೆ ಹನ್ನೊಂದು ಜನ ಎಂಬುದೊಂದೇ ನಮ್ಮ ಫುಟ್‌ಬಾಲನ್ನು ಹೋಲುತ್ತದೆ. ಆಟದ ಅಂಕಣದ ಉದ್ದ 100 ಗಜ, ಎರಡೂ ತುದಿಗಳಲ್ಲಿ ಅಂಕ ಗಳಿಸುವ ಹತ್ತು ಹತ್ತು ಗಜಗಳ ಪಟ್ಟಿ ಬೇರೆ.

ಈ ಆಟ ಬೆಳೆದದ್ದೇ ವಿಶ್ವವಿದ್ಯಾಲಯಗಳಲ್ಲಿ ಎಂಬುದನ್ನು ಗಮನಿಸಿದರೆ ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಇಂದು ಲೋಕಪ್ರಸಿದ್ಧವಾಗಿರುವ ಅಲ್ಲಿನ ವೃತ್ತಿಪರ ಲೀಗ್ ಹುಟ್ಟಿದ್ದು 1920ರಲ್ಲಿ. ಅದಕ್ಕೂ ಬಹಳ ಮೊದಲೇ, 1903ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯವು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನಲ್ಲಿ ದೊಡ್ಡ ಕ್ರೀಡಾಂಗಣ ಕಟ್ಟಿತ್ತು, 1914ರಲ್ಲಿ ಯೇಲ್ ವಿಶ್ವವಿದ್ಯಾಲಯ ಎಪ್ಪತ್ತು ಸಾವಿರ ಜನ ಹಿಡಿಸುವ ಬಟ್ಟಲಿನಾಕಾರದ ಕ್ರೀಡಾಂಗಣ ತೆರೆದಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ, ಸತ್ತ ಸೈನಿಕರ ನೆನಪಿಗೆ ಕಂಬವನ್ನೋ ಕಮಾನನ್ನೋ ನಿಲ್ಲಿಸುವ ಬದಲು ಜನ ಬಳಸುವಂತಹ ಕಟ್ಟಡ ಕಟ್ಟಬೇಕೆಂಬ ವಿಚಾರ ದೇಶದಾದ್ಯಂತ ಹರಡಿತು. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ 1921ರಲ್ಲಿ, ಇಲಿನಾಯ್ ಮತ್ತು ನೆಬ್ರಾಸ್ಕಾ ವಿಶ್ವವಿದ್ಯಾಲಯಗಳಲ್ಲಿ 1923ರಲ್ಲಿ ಸ್ಮಾರಕ ಕ್ರೀಡಾಂಗಣಗಳು ತೆರೆದವು. ಯುದ್ಧದಲ್ಲಿ ಮಡಿದ ಕ್ಯಾಲಿಫೋರ್ನಿಯಾದವರ ನೆನಪಿಗೆ ಅರ್ಪಿತವಾದ ಬರ್ಕ್ಲಿಯ ಕ್ರೀಡಾಂಗಣವೂ ಈ ಸಾಲಿನದ್ದೇ.

ಇದಕ್ಕೆ ಸ್ಥಳೀಯ ಕಾರಣಗಳೂ ಕೂಡಿಕೊಂಡವು. ಆ್ಯಂಡಿ ಸ್ಮಿತ್ ಎಂಬ ತರಬೇತುದಾರರ ಕೈಯಲ್ಲಿ ಬರ್ಕ್ಲಿಯ ತಂಡ 1920ರಿಂದ 1924ರವರೆಗೆ ಒಂದು ಪಂದ್ಯವನ್ನೂ ಸೋಲಲಿಲ್ಲ. ಆಗ ಅವರಿಗಿದ್ದ ಹಳೆಯ ಮರದ ಗ್ಯಾಲರಿಗಳ ಮೈದಾನಕ್ಕೆ ಬರುವ ಜನರನ್ನು ಹಿಡಿಸುವ ಶಕ್ತಿ ಇರಲಿಲ್ಲ. ಅದರ ಮೇಲೆ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದ ಪ್ರತಿಸ್ಪರ್ಧಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 1921ರ ನವೆಂಬರ್‌ನಲ್ಲಿ ತನ್ನ ಹೊಸ ಕ್ರೀಡಾಂಗಣವನ್ನು ತೆರೆದುಬಿಟ್ಟಿತು. (ಅದರ ಉದ್ಘಾಟನಾ ಪಂದ್ಯದಲ್ಲೇ ಬರ್ಕ್ಲಿ 42–7ರಿಂದ ಸ್ಟ್ಯಾನ್‌ಫರ್ಡನ್ನು ಸೋಲಿಸಿತು ಎಂಬುದನ್ನು ಬರ್ಕ್ಲಿಯವರು ಇಂದಿಗೂ ಹೇಳಿಕೊಳ್ಳುತ್ತಾರೆ.) ಬರ್ಕ್ಲಿಯವರು ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು ಮತ್ತು ಊರಿನವರಿಂದ ನೂರು ನೂರು ಡಾಲರಿನ ಚಂದಾ ಎತ್ತಿ ಕೆಲವೇ ವಾರಗಳಲ್ಲಿ ಹತ್ತು ಲಕ್ಷ ಡಾಲರ್ ಕೂಡಿಸಿದರು. ಒಟ್ಟು ವೆಚ್ಚ ಹದಿನಾಲ್ಕು ಲಕ್ಷ ಡಾಲರ್ ದಾಟಿತು. 1923ರ ನವೆಂಬರ್ 24ರಂದು ಸ್ಟ್ಯಾನ್‌ಫರ್ಡ್ ವಿರುದ್ಧದ ಪಂದ್ಯದೊಂದಿಗೆ ಕ್ರೀಡಾಂಗಣ ತೆರೆಯಿತು. ಬರ್ಕ್ಲಿ 9–0ರಿಂದ ಗೆದ್ದಿತು. ಚಂದಾ ಹಣದ ಈ ಸಂಗತಿಯನ್ನು ನೆನಪಿನಲ್ಲಿಡಿ; ಹುಬ್ಬಳ್ಳಿಯ ಓದುಗರ ಪ್ರಶ್ನೆಗೆ ಉತ್ತರಿಸುವಾಗ ಅದು ಮತ್ತೆ ಬೇಕಾಗುತ್ತದೆ.

ಪ್ರಶ್ನೆ: ನೆಲದಡಿಯಲ್ಲಿ ಸ್ತರಭಂಗವಿದೆ ಎಂದು ಗೊತ್ತಿದ್ದೂ ಅಲ್ಲಿಯೇ ಕಟ್ಟಿದರೇ, ಅಥವಾ ಗೊತ್ತಿಲ್ಲದೆ ಕಟ್ಟಿದರೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹೇವರ್ಡ್ ಸ್ತರಭಂಗ ಆ ಹೊತ್ತಿಗೆ ಅಪರಿಚಿತವಾಗಿರಲಿಲ್ಲ. 1868ರ ಅಕ್ಟೋಬರ್ 21ರಂದು ಅದು ಸುಮಾರು 6.8ರ ತೀವ್ರತೆಯಲ್ಲಿ ಕಂಪಿಸಿ ಮೂವತ್ತರಷ್ಟು ಜನರ ಪ್ರಾಣ ತೆಗೆದಿತ್ತು. 1906ರ ಮಹಾಕಂಪ ಬರುವವರೆಗೂ ಸ್ಯಾನ್ ಫ್ರಾನ್ಸಿಸ್ಕೋದ ಜನ ‘ದೊಡ್ಡ ಭೂಕಂಪ’ ಎಂದು ಕರೆಯುತ್ತಿದ್ದುದು ಈ 1868ರ ಕಂಪವನ್ನೇ. 1906ರ ಕಂಪದ ತನಿಖೆಗೆ ನೇಮಕವಾದ ಆಯೋಗದ ಮುಖ್ಯಸ್ಥರಾಗಿದ್ದ ಆ್ಯಂಡ್ರೂ ಲಾಸನ್ ಇದೇ ಬರ್ಕ್ಲಿಯ ಭೂವಿಜ್ಞಾನದ ಪ್ರಾಧ್ಯಾಪಕರು. ಅವರ ಆಯೋಗ 1908ರಲ್ಲಿ ಪ್ರಕಟಿಸಿದ ವರದಿ ಹೇವರ್ಡ್ ಸ್ತರಭಂಗವನ್ನೂ ವಿವರಿಸಿತ್ತು. ಹಾಗಾಗಿ ಅಜ್ಞಾನವನ್ನು ಪೂರ್ತಿ ಕಾರಣವಾಗಿ ಹೇಳಲಾಗದು.

ಆದರೆ ಅಂದಿನವರ ಮೇಲೆ ಇಂದಿನ ತಿಳಿವಳಿಕೆಯ ಭಾರ ಹೊರಿಸುವುದೂ ನ್ಯಾಯವಲ್ಲ. ಕಂಪನವಿಲ್ಲದ ದಿನಗಳಲ್ಲೂ ಈ ಸ್ತರಭಂಗ ನಿಧಾನವಾಗಿ ಸರಿಯುತ್ತಲೇ ಇರುತ್ತದೆ ಎಂಬುದು 1923ರಲ್ಲಿ ತಿಳಿದಿರಲಿಲ್ಲ. ಸಕ್ರಿಯ ಸ್ತರಭಂಗದ ಮೇಲೆ ಜನ ಬಳಸುವ ಕಟ್ಟಡ ಕಟ್ಟಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು 1972ರಲ್ಲಿ, ಅದೂ ಹಿಂದಿನ ವರ್ಷ ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ ಭೂಕಂಪವಾಗಿ ಮನೆಗಳ ಅಡಿಯಲ್ಲೇ ನೆಲ ಸೀಳಿದ ಮೇಲೆ. ಕ್ರೀಡಾಂಗಣ ಕಟ್ಟುವಾಗ ಎದ್ದ ವಿರೋಧವೂ ಭೂಕಂಪಕ್ಕಿಂತ ಹೆಚ್ಚಾಗಿ ಸ್ಟ್ರಾಬೆರಿ ಕಣಿವೆಯ ಚೆಲುವು ಹಾಳಾಗುತ್ತದೆಂಬ ಕಾರಣಕ್ಕೆ ಎದ್ದದ್ದು.

ಆ ಜಾಗವನ್ನು ಆರಿಸಿದವರಿಗೆ ಅದರ ಆಕಾರವೇ ಆಕರ್ಷಣೆ. ಬೆಟ್ಟಗಳಿಂದ ಇಳಿದು ಬರುವ ಕಣಿವೆಯ ಬಾಯಿಯಲ್ಲಿ ಅರ್ಧ ಬಟ್ಟಲು ಪ್ರಕೃತಿಯೇ ಮಾಡಿಟ್ಟಂತಿತ್ತು. ವಾಸ್ತುಶಿಲ್ಪಿ ಜಾನ್ ಗೇಲೆನ್ ಹೊವಾರ್ಡ್ ಅದನ್ನು ಎರಡು ಬಗೆಯ ರಚನೆಗಳ ಬೆಸುಗೆಯಾಗಿ ರೂಪಿಸಿದರು: ಪೂರ್ವದ ಅರ್ಧ ಬೆಟ್ಟದ ಮಗ್ಗುಲನ್ನೇ ಕೆತ್ತಿ ಮಣ್ಣಿನ ಮೇಲೆ ಕೂರಿಸಿದ ಮೆಟ್ಟಿಲುಗಳು, ಪಶ್ಚಿಮದ ಅರ್ಧ ರೋಮಿನ ಕೊಲೋಸಿಯಂ ನೆನಪಿಸುವ ಕಮಾನುಗಳ ಎತ್ತರದ ಕಾಂಕ್ರೀಟ್ ಗೋಡೆ. ಗಣಿಗಳಲ್ಲಿ ಮಾಡುವ ಹಾಗೆ ರಭಸದ ನೀರಿನ ಧಾರೆ ಹಾಯಿಸಿ ಗುಡ್ಡದ ಮಣ್ಣನ್ನು ಕೊರೆದು ಇಳಿಸಿದರು. ಕಣಿವೆಯಲ್ಲಿ ಹರಿಯುತ್ತಿದ್ದ ಸ್ಟ್ರಾಬೆರಿ ತೊರೆಯನ್ನು ಕಾಂಕ್ರೀಟ್ ಕೊಳವೆಯೊಳಗೆ ತುಂಬಿ ಕ್ರೀಡಾಂಗಣದ ಅಡಿಯಿಂದ ಸಾಗಿಸಿದರು. ಆ ಕೊಳವೆಯೇ ಮುಂದೆ ಸಾಕ್ಷಿ ಹೇಳಿತು.

ಪ್ರಶ್ನೆ: ನೆಲ ಸದ್ದಿಲ್ಲದೆ ಸರಿಯುತ್ತದೆ ಎಂದು ಬರೆದಿದ್ದೀರಿ. ಅದು ಕಣ್ಣಿಗೆ ಕಾಣುತ್ತದೆಯೇ? ಕಟ್ಟಡಕ್ಕೆ ಏನಾಯಿತು?
— ನಿವೃತ್ತ ಶಿಕ್ಷಕಿಯೊಬ್ಬರು, ಮೈಸೂರು

ಉತ್ತರ: ಕಾಣುತ್ತದೆ, ತಾಯಿ, ಆದರೆ ವರ್ಷಗಟ್ಟಲೆ ಕಾಯಬೇಕು. ಸ್ತರಭಂಗದ ಪಶ್ಚಿಮದ ನೆಲವು ಪೂರ್ವದ ನೆಲಕ್ಕೆ ಹೋಲಿಸಿದರೆ ಉತ್ತರದ ಕಡೆಗೆ ವರ್ಷಕ್ಕೆ ನಾಲ್ಕೈದು ಮಿಲಿಮೀಟರಿನಷ್ಟು ಸರಿಯುತ್ತಿದೆ. ಹೆಚ್ಚಿನ ಸ್ತರಭಂಗಗಳಲ್ಲಿ ಎರಡು ಬದಿಗಳು ಒಂದಕ್ಕೊಂದು ಕಚ್ಚಿಕೊಂಡು, ಒತ್ತಡ ಸಹಿಸಲಾಗದಷ್ಟು ಬೆಳೆದಾಗ ಒಮ್ಮೆಗೇ ಜಾರುತ್ತವೆ. ಹೇವರ್ಡ್ ಸ್ತರಭಂಗದ ಮೇಲ್ಪದರ ಮಾತ್ರ ಆ ಒತ್ತಡದ ಒಂದು ಪಾಲನ್ನು ಸದ್ದಿಲ್ಲದೆ ಸರಿದು ಕಳೆದುಕೊಳ್ಳುತ್ತದೆ. ಹಾಗೆಂದು ದೊಡ್ಡ ಕಂಪ ಬರುವುದಿಲ್ಲವೆಂದು ತಿಳಿಯಬಾರದು. ಆಳದಲ್ಲಿ ಕಚ್ಚಿಕೊಂಡಿರುವ ಭಾಗದಲ್ಲಿ ಒತ್ತಡ ಕೂಡುತ್ತಲೇ ಇದೆ.

ಸ್ತರಭಂಗದ ರೇಖೆ ಕ್ರೀಡಾಂಗಣವನ್ನು ಹೆಚ್ಚುಕಡಿಮೆ ಉದ್ದಕ್ಕೆ, ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಸೀಳಿ ಹೋಗುತ್ತದೆ. ಕಟ್ಟಡದ ಪಶ್ಚಿಮದ ಅರ್ಧ ಒಂದು ನೆಲದ ಮೇಲೆ, ಪೂರ್ವದ ಅರ್ಧ ಇನ್ನೊಂದು ನೆಲದ ಮೇಲೆ ಎಂದಂತಾಯಿತು. ಅಡಿಯಲ್ಲಿದ್ದ ತೊರೆಯ ಕೊಳವೆ ಬಿರುಕು ಬಿಟ್ಟು ಪಕ್ಕಕ್ಕೆ ಸರಿದುದನ್ನು ಪರೀಕ್ಷಿಸಿದ ಭೂವಿಜ್ಞಾನಿಗಳು 1966ರಲ್ಲಿ ವಿವರವಾಗಿ ದಾಖಲಿಸಿದರು. ಹೇವರ್ಡ್ ಸ್ತರಭಂಗ ಕಂಪನವಿಲ್ಲದೆಯೂ ಸರಿಯುತ್ತದೆಂಬುದಕ್ಕೆ ಅದೇ ಕಾಲದಲ್ಲಿ ಸಿಕ್ಕ ಹಲವು ಪುರಾವೆಗಳಲ್ಲಿ ಇದು ಮುಖ್ಯವಾದದ್ದು. ಮೇಲಿನ ಕಟ್ಟಡದಲ್ಲಿ, ದಕ್ಷಿಣ ತುದಿಯ ‘ಕೆಕೆ’ ಎಂಬ ವಿಭಾಗದಲ್ಲಿ ಕಾಂಕ್ರೀಟಿನ ಎರಡು ಭಾಗಗಳ ನಡುವೆ, ರೈಲು ಹಳಿಗಳ ನಡುವೆ ಬಿಡುವಂತೆ ಬಿಟ್ಟಿದ್ದ ಸಂದು ವರ್ಷ ವರ್ಷಕ್ಕೆ ಅಗಲವಾಗುತ್ತಾ ಹೋಯಿತು. ಗೋಡೆಯ ಮೇಲಿನ ಅಂಚು ಒಂದು ಬದಿಗೆ ತಪ್ಪಿ ನಿಂತಿತು. ಕಟ್ಟಿದಂದಿನಿಂದ ನವೀಕರಣದವರೆಗಿನ ಅವಧಿಯಲ್ಲಿ ಎರಡೂ ಬದಿಗಳು ಒಂದಕ್ಕೊಂದು ಸರಿದದ್ದು ಒಂದು ಅಡಿಗೂ ಮಿಗಿಲು. ಭೂವಿಜ್ಞಾನದ ವಿದ್ಯಾರ್ಥಿಗಳನ್ನು ಅವರ ಪ್ರಾಧ್ಯಾಪಕರು ಆ ಸಂದನ್ನು ತೋರಿಸಲೆಂದೇ ಕರೆದುಕೊಂಡು ಹೋಗುತ್ತಿದ್ದರು. ತರಗತಿಯಿಂದ ಹತ್ತು ನಿಮಿಷ ನಡೆದರೆ ಭೂಮಿಯ ಚಲನೆಯನ್ನು ಬೆರಳಿಟ್ಟು ಅಳೆಯಬಹುದಾದ ವಿಶ್ವವಿದ್ಯಾಲಯಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಸರಿಯುವ ನೆಲದಿಂದಾದ ಹಾನಿಗಿಂತ ದೊಡ್ಡ ಆತಂಕ ಪಶ್ಚಿಮದ ಕಾಂಕ್ರೀಟ್ ಗ್ಯಾಲರಿಯದ್ದು. 1989ರ ಲೋಮಾ ಪ್ರಿಯೆಟಾ ಭೂಕಂಪದ ನಂತರ ವಿಶ್ವವಿದ್ಯಾಲಯದ ಕಟ್ಟಡಗಳ ಬಗ್ಗೆ ಕಾಳಜಿ ಹೆಚ್ಚಿತು. 1997ರಲ್ಲಿ ಎಲ್ಲ ಕಟ್ಟಡಗಳ ಸಮೀಕ್ಷೆ ನಡೆದಾಗ ಈ ಕ್ರೀಡಾಂಗಣ ಭೂಕಂಪ ಸುರಕ್ಷತೆಯಲ್ಲಿ ಕಳಪೆ ದರ್ಜೆ ಪಡೆಯಿತು. ಪಂದ್ಯದ ದಿನಗಳಿಗೆ ಸೀಮಿತವಾದ ಅಪಾಯವಾಗಿದ್ದರೆ ಒಂದು ಮಾತು. ತರಬೇತುದಾರರು, ಸಿಬ್ಬಂದಿ, ಆಟಗಾರರು ದಿನವಿಡೀ ಆ ಗ್ಯಾಲರಿಯ ಕೆಳಗಿನ ಕೊಠಡಿಗಳಲ್ಲೇ ಇರುತ್ತಿದ್ದರು.

ಪ್ರಶ್ನೆ: ಸಕ್ರಿಯ ಸ್ತರಭಂಗದ ಮೇಲಿನ ಕಟ್ಟಡವನ್ನು ಭದ್ರಪಡಿಸುವುದು ತಾಂತ್ರಿಕವಾಗಿ ಹೇಗೆ ಸಾಧ್ಯ? ನಮ್ಮ ಪಠ್ಯದಲ್ಲಿ ಕಂಪನಕ್ಕೆ ವಿನ್ಯಾಸ ಮಾಡುವುದನ್ನು ಕಲಿಸುತ್ತಾರೆ, ನೆಲವೇ ಸೀಳಿದರೆ ಏನು ಮಾಡಬೇಕೆಂದು ಕಲಿಸುವುದಿಲ್ಲ.
— ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಪ್ರಶ್ನೆಯ ಎರಡನೆಯ ವಾಕ್ಯದಲ್ಲಿಯೇ ವಿಷಯದ ತಿರುಳನ್ನು ಹಿಡಿದಿದ್ದೀರಿ. ನೆಲದ ಅಲುಗಾಟವನ್ನು ತಾಳುವಂತೆ ಕಟ್ಟಬಹುದು. ನೆಲ ಎರಡಾಗಿ ಸರಿಯುವುದನ್ನು ತಡೆಯುವ ಕಟ್ಟಡ ಇಲ್ಲ. ಆದ್ದರಿಂದಲೇ ಸಾಮಾನ್ಯ ಸಲಹೆ, ಸ್ತರಭಂಗದಿಂದ ದೂರ ಕಟ್ಟಿ ಎಂಬುದು. ಈ ಕ್ರೀಡಾಂಗಣವನ್ನು ಬೇರೆಡೆಗೆ ಒಯ್ಯುವ ಹಾಗಿರಲಿಲ್ಲ, 2006ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೂ ಸೇರಿತ್ತು. ಇಂಜಿನಿಯರುಗಳು ಆಗ ಕೈಗೊಂಡ ನಿರ್ಧಾರ ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯುತ್ತಮ ಭಾಗ: ಎಲ್ಲಿ ನೆಲ ಸೀಳುವುದೋ ಅಲ್ಲಿ ಕಟ್ಟಡ ಸರಿದುಕೊಳ್ಳಲಿ, ಉಳಿದ ಭಾಗಕ್ಕೆ ಆ ಸರಿದಾಟ ತಾಕದಿರಲಿ ಎಂದು ಅವರು ನಿಶ್ಚಯಿಸಿದರು.

ಮೊದಲಿಗೆ ಕಂದಕಗಳನ್ನು ತೋಡಿ ಸ್ತರಭಂಗದ ರೇಖೆ ಎಲ್ಲೆಲ್ಲಿ ಹಾದುಹೋಗುತ್ತದೆಂದು ಗುರುತಿಸಲಾಯಿತು. ಒಂದು ದೊಡ್ಡ ಕಂಪದಲ್ಲಿ ನೆಲ ಅಡ್ಡಲಾಗಿ ಆರು ಅಡಿಯವರೆಗೆ, ಮೇಲೆ ಕೆಳಗೆ ಎರಡು ಅಡಿಯವರೆಗೆ ಸರಿಯಬಹುದೆಂದು ಅಂದಾಜು ಮಾಡಿಕೊಂಡರು. ರೇಖೆಯು ಗ್ಯಾಲರಿಯನ್ನು ದಾಟುವ ಉತ್ತರ ಮತ್ತು ದಕ್ಷಿಣ ತುದಿಗಳಲ್ಲಿ ಹಳೆಯ ರಚನೆಯನ್ನು ಪೂರ್ತಿ ಕಿತ್ತುಹಾಕಿ, ಅಲ್ಲಿ ಪ್ರತ್ಯೇಕ ಕಾಂಕ್ರೀಟ್ ಗಡ್ಡೆಗಳಂತೆ ಹೊಸ ಭಾಗಗಳನ್ನು ಕಟ್ಟಿದರು. ಈ ಗಡ್ಡೆಗಳು ಗಟ್ಟಿ ತಳಪಾಯಕ್ಕೆ ಬಿಗಿದುಕೊಂಡಿಲ್ಲ. ಮರಳು ಮತ್ತು ಪ್ಲಾಸ್ಟಿಕ್ ಹಾಳೆಗಳ ಪದರದ ಮೇಲೆ ಕುಳಿತಿವೆ. ಅಡಿಯ ನೆಲ ಸರಿದಾಗ ಗಡ್ಡೆ ಒಡೆಯದೆ, ಇಡಿಯಾಗಿ ಜಾರಿ ತಿರುಗಿಕೊಳ್ಳಲಿ ಎಂಬುದು ಉದ್ದೇಶ. ಅವುಗಳ ಎರಡೂ ಬದಿಗೆ ಪಕ್ಕದ ಗ್ಯಾಲರಿಗೆ ತಾಗದಂತೆ ಸಾಕಷ್ಟು ಖಾಲಿ ಸಂದು ಬಿಟ್ಟಿದ್ದಾರೆ. ಮೇಲಿನಿಂದ ನೋಡಿದವರಿಗೆ ಅದು ಬೇರೆ ಭಾಗವೆಂದು ಸುಲಭವಾಗಿ ತಿಳಿಯುವುದಿಲ್ಲ.

ಪಶ್ಚಿಮದ ಅರ್ಧದ ಕೆಲಸ ಇನ್ನೂ ಕಠಿಣವಾದದ್ದು. ಕಮಾನುಗಳ ಹೊರಗೋಡೆಯೇ ಐತಿಹಾಸಿಕ ಮೌಲ್ಯವಿರುವ ಭಾಗವಾದ್ದರಿಂದ ಅದನ್ನು ಉಳಿಸಿಕೊಳ್ಳಬೇಕಿತ್ತು, ಅದರ ಹಿಂದಿನ ಗ್ಯಾಲರಿಯನ್ನು ಮಾತ್ರ ಉಳಿಸಿಕೊಳ್ಳುವ ಹಾಗಿರಲಿಲ್ಲ. ಗೋಡೆಗೆ ಆಸರೆ ಕೊಟ್ಟು ನಿಲ್ಲಿಸಿ, ಒಳಗಿನ ಮೆಟ್ಟಿಲುಗಳನ್ನೆಲ್ಲ ಕೆಡವಿ, ಹೊಸ ಕಾಂಕ್ರೀಟ್ ಗ್ಯಾಲರಿ ಕಟ್ಟಿ, ಹಳೆಯ ಗೋಡೆಯನ್ನು ಅದಕ್ಕೆ ಹೊಂದಿಸಿದರು. ಕೆಲಸ ನಡೆಯುತ್ತಿದ್ದ ತಿಂಗಳುಗಳಲ್ಲಿ ತೆಗೆದ ಚಿತ್ರಗಳಲ್ಲಿ, ಹಿಂದೆ ಏನೂ ಇಲ್ಲದೆ ಬರಿಯ ಕಮಾನಿನ ಗೋಡೆಯೊಂದೇ ನಿಂತಿರುವುದನ್ನು ಕಾಣಬಹುದು. ಅದರ ಮೇಲೆ ಪತ್ರಕರ್ತರಿಗೂ ವಿಶೇಷ ಆಹ್ವಾನಿತರಿಗೂ ಇರುವ ಎರಡು ಅಂತಸ್ತಿನ ಉದ್ದನೆಯ ಕಟ್ಟಡ ಬಂದಿದೆ. ಇದು ಗ್ಯಾಲರಿಯ ಮೇಲೆ ಭಾರ ಹಾಕದೆ, ತನ್ನದೇ ಪ್ರತ್ಯೇಕ ಕಾಂಕ್ರೀಟ್ ಗೋಪುರಗಳ ಮೇಲೆ ನಿಂತಿದೆ. ಆ ಗೋಪುರಗಳು ಕಂಪನದಲ್ಲಿ ಬುಡದಿಂದ ಸ್ವಲ್ಪ ಹೊಯ್ದಾಡಿ, ಒಳಗೆ ಎಳೆದು ಬಿಗಿದ ಉಕ್ಕಿನ ಹುರಿಗಳ ಬಲದಿಂದ ಮತ್ತೆ ನೆಟ್ಟಗಾಗುವಂತೆ ವಿನ್ಯಾಸಗೊಂಡಿವೆ. ಅಲುಗಾಟದ ಶಕ್ತಿಯನ್ನು ಹೀರಲು ದ್ರವ ತುಂಬಿದ ಡ್ಯಾಂಪರುಗಳಿವೆ. ಫೊರೆಲ್ ಎಲ್ಸೆಸರ್ ಎಂಬ ಸ್ಯಾನ್ ಫ್ರಾನ್ಸಿಸ್ಕೋದ ಸಂಸ್ಥೆ ಈ ರಚನಾ ವಿನ್ಯಾಸವನ್ನು ಮಾಡಿತು. ಅದರ ಬಗ್ಗೆ ಆ ಇಂಜಿನಿಯರುಗಳು ತಾಂತ್ರಿಕ ಲೇಖನಗಳನ್ನೂ ಪ್ರಕಟಿಸಿದ್ದಾರೆ, ನಿಮ್ಮ ಕಾಲೇಜಿನ ಗ್ರಂಥಾಲಯದ ಮೂಲಕ ಓದಲು ಪ್ರಯತ್ನಿಸಿ.

ಪೂರ್ವದ ಅರ್ಧವನ್ನು ಹೆಚ್ಚು ಮುಟ್ಟಲಿಲ್ಲ. ಮಣ್ಣಿನ ಮೇಲೆಯೇ ಕುಳಿತ ಮೆಟ್ಟಿಲುಗಳು ಕುಸಿದು ಬೀಳಲು ಎತ್ತರವೇ ಇಲ್ಲ. ಆಟದ ಅಂಕಣವನ್ನು ನಾಲ್ಕು ಅಡಿ ತಗ್ಗಿಸಲಾಯಿತು, ಓಡಾಡುವ ಹಾದಿಗಳನ್ನು ಅಗಲ ಮಾಡಲಾಯಿತು. ಎಪ್ಪತ್ತು ಸಾವಿರಕ್ಕೂ ಹೆಚ್ಚಿದ್ದ ಆಸನಗಳು ಅರವತ್ತಮೂರು ಸಾವಿರದ ಆಸುಪಾಸಿಗೆ ಇಳಿದವು. ಕೆಲಸ ಶುರುವಾದದ್ದು 2010ರ ಬೇಸಿಗೆಯಲ್ಲಿ. 2010ರ ಪಂದ್ಯಗಳು ಅಲ್ಲಿಯೇ ನಡೆದು, 2011ರ ತವರಿನ ಪಂದ್ಯಗಳನ್ನು ಸ್ಯಾನ್ ಫ್ರಾನ್ಸಿಸ್ಕೋದ ಬೇಸ್‌ಬಾಲ್ ಮೈದಾನದಲ್ಲಿ ಆಡಿದ ತಂಡ 2012ರ ಸೆಪ್ಟೆಂಬರ್ 1ರಂದು ಮರಳಿ ಬಂದಿತು. ಆ ದಿನ ನೆವಾಡಾ ವಿಶ್ವವಿದ್ಯಾಲಯದ ಎದುರು 31–24ರಿಂದ ಸೋತಿತು.

ಪ್ರಶ್ನೆ: ಈ ಕಾಮಗಾರಿಗಾಗಿ ಮರ ಕಡಿಯುವುದನ್ನು ವಿರೋಧಿಸಿ ಜನ ಮರವೇರಿ ಕುಳಿತಿದ್ದರೆಂದು ಕೇಳಿದ್ದೇನೆ. ಅಪ್ಪಿಕೋ ಚಳವಳಿ ಕಂಡ ಸೀಮೆಯವನಾದ ನನಗೆ ಅದರ ವಿವರ ತಿಳಿಯುವ ಆಸೆ.
— ಓದುಗರೊಬ್ಬರು, ಶಿರಸಿ

ಉತ್ತರ: ಮರ ಕಡಿದದ್ದು ಕ್ರೀಡಾಂಗಣದ ನವೀಕರಣಕ್ಕಲ್ಲ, ಅದರ ಪಶ್ಚಿಮ ಗೋಡೆಯ ಪಕ್ಕದಲ್ಲಿ ಕಟ್ಟಿದ ಕ್ರೀಡಾಪಟುಗಳ ತರಬೇತಿ ಕೇಂದ್ರಕ್ಕೆ. ಗ್ಯಾಲರಿಯ ಕೆಳಗಿನ ಅಪಾಯದ ಕೊಠಡಿಗಳಿಂದ ಜನರನ್ನು ಹೊರತರದೆ ನವೀಕರಣ ಶುರುಮಾಡುವಂತಿರಲಿಲ್ಲ, ಹೊರತಂದವರಿಗೆ ಜಾಗ ಬೇಕಿತ್ತು. ಆದ್ದರಿಂದ ಈ ಕೇಂದ್ರ ಮೊದಲ ಹಂತವಾಯಿತು. ಅದಕ್ಕೆ ಗುರುತಿಸಿದ ಜಾಗದಲ್ಲಿ ಓಕ್ ಮರಗಳ ತೋಪೊಂದಿತ್ತು.

2006ರ ಡಿಸೆಂಬರ್ 2ರಂದು, ಸ್ಟ್ಯಾನ್‌ಫರ್ಡ್ ವಿರುದ್ಧದ ಪಂದ್ಯದ ದಿನವೇ, ಪ್ರತಿಭಟನಕಾರರು ಮರ ಹತ್ತಿದರು. ಇತ್ತ ಬರ್ಕ್ಲಿ ನಗರಾಡಳಿತ, ನೆರೆಯ ಗುಡ್ಡದ ನಿವಾಸಿಗಳ ಸಂಘ ಮತ್ತು ಓಕ್ ಮರಗಳ ರಕ್ಷಣೆಗೆ ದುಡಿಯುವ ಸಂಸ್ಥೆಯೊಂದು ನ್ಯಾಯಾಲಯಕ್ಕೆ ಹೋದವು. ಸ್ತರಭಂಗದ ಬಳಿ ಕಟ್ಟಡ ನಿರ್ಬಂಧಿಸುವ 1972ರ ಕಾನೂನು ಅವರ ಮುಖ್ಯ ಆಧಾರಗಳಲ್ಲೊಂದು. ನ್ಯಾಯಾಲಯ 2007ರ ಜನವರಿಯಲ್ಲಿ ಕೆಲಸಕ್ಕೆ ತಡೆ ನೀಡಿತು. ವಿಚಾರಣೆಯ ನಂತರ, 2008ರಲ್ಲಿ, ತಡೆ ತೆರವಾಯಿತು. ಸೆಪ್ಟೆಂಬರ್ ಆರಂಭದಲ್ಲಿ ನಲವತ್ತಕ್ಕೂ ಹೆಚ್ಚು ಮರಗಳನ್ನು ಕಡಿದರು. ಒಂದು ರೆಡ್‌ವುಡ್ ಮರದ ತುದಿಯಲ್ಲಿ ಉಳಿದಿದ್ದ ಕೊನೆಯ ನಾಲ್ವರು ಸೆಪ್ಟೆಂಬರ್ 9ರಂದು ಕೆಳಗಿಳಿದರು. ಹೀಗೆ ಇಪ್ಪತ್ತೊಂದು ತಿಂಗಳು ನಡೆದ ಪ್ರತಿಭಟನೆ ಮುಗಿಯಿತು. ತರಬೇತಿ ಕೇಂದ್ರ 2011ರಲ್ಲಿ ತೆರೆಯಿತು.

ಅಪ್ಪಿಕೋ ಜೊತೆ ಇದನ್ನು ಒಂದೇ ತಕ್ಕಡಿಯಲ್ಲಿ ಇಡಲು ನಾನು ಹಿಂಜರಿಯುತ್ತೇನೆ. 1983ರಲ್ಲಿ ನಿಮ್ಮ ಸೀಮೆಯ ಸಲ್ಕಣಿ ಊರಿನವರು ಅಪ್ಪಿಕೊಂಡದ್ದು ತಮ್ಮ ಸೊಪ್ಪು, ನೀರು, ಬದುಕು ನಿಂತಿದ್ದ ಕಾಡನ್ನು. ಬರ್ಕ್ಲಿಯ ತೋಪಿನ ಬಹುಪಾಲು ಮರಗಳು ಕ್ರೀಡಾಂಗಣ ಕಟ್ಟಿದ ಮೇಲೆ ನೆಟ್ಟವು. ಹಾಗಿದ್ದರೂ, ದಪ್ಪ ಕಾಂಡದ ಎಂಬತ್ತು ವರ್ಷದ ಮರಗಳಿಗೆ ಬದಲಿ ಇಲ್ಲವೆಂದ ಆ ಜನರ ಮಾತು ನಿಜವಾಗಿತ್ತು, ಕೊಠಡಿಗಳಿಂದ ಜನರನ್ನು ಬೇಗ ಹೊರತರಬೇಕೆಂದ ವಿಶ್ವವಿದ್ಯಾಲಯದ ಮಾತೂ ನಿಜವಾಗಿತ್ತು. ಆ ಕೇಂದ್ರಕ್ಕೆ ಮರವಿಲ್ಲದ ಬೇರೆ ಜಾಗವನ್ನು ಇನ್ನಷ್ಟು ಶ್ರದ್ಧೆಯಿಂದ ಹುಡುಕಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಎಲ್ಲಕ್ಕೂ ಎಷ್ಟು ಖರ್ಚಾಯಿತು? ಹಣ ಎಲ್ಲಿಂದ ಬಂತು?
— ಲೆಕ್ಕಪರಿಶೋಧಕರೊಬ್ಬರು, ಹುಬ್ಬಳ್ಳಿ

ಉತ್ತರ: ಕ್ರೀಡಾಂಗಣದ ನವೀಕರಣಕ್ಕೆ 32.1 ಕೋಟಿ ಡಾಲರ್; ತರಬೇತಿ ಕೇಂದ್ರವನ್ನೂ ಸೇರಿಸಿದರೆ ಸುಮಾರು 47 ಕೋಟಿ ಡಾಲರ್. ಇದರ ಬಹುಭಾಗ ಸಾಲ. ನೆಲದ ವಿಷಯದಲ್ಲಿ ತೋರಿದ ಎಚ್ಚರವನ್ನು ಹಣದ ವಿಷಯದಲ್ಲಿ ತೋರಲಿಲ್ಲ ಎಂದು ನನಗೆ ಅನ್ನಿಸುವುದು ಇಲ್ಲಿಯೇ.

ಸಾಲ ತೀರಿಸಲು ಹಾಕಿಕೊಂಡ ಯೋಜನೆ ಹೀಗಿತ್ತು: ಪಶ್ಚಿಮ ಗ್ಯಾಲರಿಯ ಸುಮಾರು ಮೂರು ಸಾವಿರ ಉತ್ತಮ ಆಸನಗಳನ್ನು ದಶಕಗಳ ಹಕ್ಕಿನೊಂದಿಗೆ ಅಭಿಮಾನಿಗಳಿಗೆ ಮಾರುವುದು, ಬಂದ ಹಣವನ್ನು ನಿಧಿಯಾಗಿಟ್ಟು ಅದರ ಆದಾಯದಿಂದ ಸಾಲ ತೀರಿಸುವುದು. ಒಂದೊಂದು ಆಸನಕ್ಕೆ ನಲವತ್ತು ಸಾವಿರ ಡಾಲರಿನಿಂದ ಎರಡು ಲಕ್ಷ ಡಾಲರಿಗೂ ಮೀರಿದ ಬೆಲೆ. 2008ರ ಆರ್ಥಿಕ ಕುಸಿತದ ಬೆನ್ನಿಗೇ ಮಾರಾಟ ಶುರುವಾಯಿತು. ಕೆಲವು ವರ್ಷಗಳಲ್ಲಿ ತಂಡವೂ ಸೋಲತೊಡಗಿತು. ಮಾರಾಟ ಗುರಿಗಿಂತ ಬಹಳ ಕೆಳಗೆ ನಿಂತಿತು, ಒಪ್ಪಿಕೊಂಡವರಲ್ಲಿ ಹಲವರು ವಾರ್ಷಿಕ ಕಂತು ಕಟ್ಟುವುದನ್ನು ನಿಲ್ಲಿಸಿದರು. ಬೇಕಾದಾಗ ಬಿಟ್ಟು ಹೋಗಲು ಒಪ್ಪಂದದಲ್ಲೇ ಅವಕಾಶವಿತ್ತು. ಸಾಲಪತ್ರಗಳ ಅವಧಿಯಂತೂ ಕೇಳಿದರೆ ಬೆರಗಾಗುತ್ತೀರಿ: ಕೆಲವು 2112ಕ್ಕೆ ತೀರುವಂಥವು. ಮೊದಲ ಎರಡು ದಶಕ ಕಟ್ಟುವುದು ಬಹುಮಟ್ಟಿಗೆ ಬಡ್ಡಿಯನ್ನೇ, ಅದೇ ವರ್ಷಕ್ಕೆ ಸುಮಾರು 1.8 ಕೋಟಿ ಡಾಲರ್.

ಕ್ರೀಡಾ ವಿಭಾಗ ಈ ಭಾರ ಹೊರಲಾರದೆ ಹೋದಾಗ, ಕುಲಪತಿ ಕ್ಯಾರೊಲ್ ಕ್ರೈಸ್ಟ್ ಅವರ ಕಾಲದಲ್ಲಿ, ಸಾಲದ ಅರ್ಧಕ್ಕೂ ಹೆಚ್ಚಿನ ಪಾಲನ್ನು ವಿಶ್ವವಿದ್ಯಾಲಯವೇ ತನ್ನ ಮೇಲೆ ಹೊತ್ತುಕೊಂಡಿತು. ಅದಕ್ಕೆ ಕೊಟ್ಟ ವಿವರಣೆ ಒಪ್ಪತಕ್ಕದ್ದು: ಆ ಪಾಲು ಭೂಕಂಪ ಸುರಕ್ಷತೆಗೆ ಆದ ಖರ್ಚು, ಬೇರೆ ಯಾವ ಕಟ್ಟಡದ ಸುರಕ್ಷತೆಯ ಖರ್ಚನ್ನೂ ಅದರೊಳಗಿನ ವಿಭಾಗದ ಮೇಲೆ ಹೇರುವುದಿಲ್ಲ. ಆದರೆ ಈ ಮಾತನ್ನು ಮೊದಲ ದಿನವೇ ಹೇಳಿ ಸುರಕ್ಷತೆಯ ಲೆಕ್ಕವನ್ನೂ ವೈಭವದ ಲೆಕ್ಕವನ್ನೂ ಬೇರೆ ಬೇರೆಯಾಗಿ ಇಟ್ಟಿದ್ದರೆ, ಎಷ್ಟು ಕಟ್ಟಬೇಕು ಎಂಬುದನ್ನು ಸಮಾಧಾನದಿಂದ ಚರ್ಚಿಸಬಹುದಿತ್ತು. 2021ರಲ್ಲಿ ಆಟದ ಅಂಕಣದ ಹೆಸರನ್ನು ಎಫ್‌ಟಿಎಕ್ಸ್ ಎಂಬ ಕ್ರಿಪ್ಟೋ ಕಂಪನಿಗೆ ಹತ್ತು ವರ್ಷಕ್ಕೆ 1.75 ಕೋಟಿ ಡಾಲರಿಗೆ ಕೊಟ್ಟಿದ್ದೂ ಇದೇ ಹಣದ ಒತ್ತಡದಲ್ಲಿ. ಆ ಕಂಪನಿ 2022ರ ನವೆಂಬರ್‌ನಲ್ಲಿ ದಿವಾಳಿಯಾಗಿ ಒಪ್ಪಂದ ಬಿದ್ದುಹೋಯಿತು.

1921ರ ನೂರು ಡಾಲರಿನ ಚಂದಾದಾರರನ್ನು ನೆನಪಿನಲ್ಲಿಡಿ ಎಂದದ್ದು ಇದಕ್ಕಾಗಿ. ಎರಡು ಸಲವೂ ಹಣ ಕೇಳಿದ್ದು ಅಭಿಮಾನಿಗಳನ್ನೇ. ಮೊದಲ ಸಲ ಸಣ್ಣ ಮೊತ್ತವನ್ನು ಸಾವಿರಾರು ಜನರಿಂದ, ಕಟ್ಟುವುದಕ್ಕೆ ಮೊದಲು ಪಡೆದರು; ಎರಡನೆಯ ಸಲ ದೊಡ್ಡ ಮೊತ್ತವನ್ನು ಕೆಲವೇ ಜನರಿಂದ, ಕಟ್ಟಿದ ನಂತರವೂ ವರ್ಷ ವರ್ಷ ಬರುತ್ತದೆಂದು ನಂಬಿದರು.

ಪ್ರಶ್ನೆ: ಆ ಕ್ರೀಡಾಂಗಣದಲ್ಲಿ ನಡೆದ ಅವಿಸ್ಮರಣೀಯ ಘಟನೆಗಳು ಯಾವುವು?
— ಓದುಗರೊಬ್ಬರು, ಉಡುಪಿ

ಉತ್ತರ: ಎರಡನ್ನು ಹೇಳುತ್ತೇನೆ. 1962ರ ಮಾರ್ಚ್ 23ರಂದು ಅಧ್ಯಕ್ಷ ಜಾನ್ ಕೆನೆಡಿ ಇಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಉದ್ದೇಶಿಸಿ ಭಾಷಣ ಮಾಡಿದರು. 1982ರ ನವೆಂಬರ್ 20ರಂದು ಸ್ಟ್ಯಾನ್‌ಫರ್ಡ್ 20–19ರಿಂದ ಮುಂದಿದ್ದು, ಆಟಕ್ಕೆ ನಾಲ್ಕೇ ಸೆಕೆಂಡು ಉಳಿದಿದ್ದಾಗ, ಬರ್ಕ್ಲಿಯ ಆಟಗಾರರು ಚೆಂಡನ್ನು ಐದು ಬಾರಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಓಡಿದರು; ಆಟ ಮುಗಿಯಿತೆಂದು ಆಗಲೇ ಅಂಕಣಕ್ಕೆ ನುಗ್ಗಿದ್ದ ಸ್ಟ್ಯಾನ್‌ಫರ್ಡಿನ ವಾದ್ಯವೃಂದದ ನಡುವೆಯೇ ನುಸುಳಿ ಕೆವಿನ್ ಮೋಯನ್ ಗೆಲುವಿನ ಅಂಕ ಗಳಿಸಿದರು. 25–20. ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲಿ ಅತಿ ಹೆಚ್ಚು ಬಾರಿ ಮರುಪ್ರಸಾರವಾದ ಕ್ಷಣಗಳಲ್ಲಿ ಅದೂ ಒಂದು.

ಟಿಕೆಟ್ ಇಲ್ಲದವರೂ ಇವನ್ನೆಲ್ಲ ನೋಡಿದ್ದಾರೆ ಎಂಬುದು ನನಗೆ ಇಷ್ಟವಾದ ವಿವರ. ಪೂರ್ವದ ಗುಡ್ಡದ ಇಳಿಜಾರಿನಿಂದ ಇಡೀ ಅಂಕಣ ಕಾಣುತ್ತದೆ. ‘ಜಿಪುಣರ ಗುಡ್ಡ’ ಎಂದೇ ಅದಕ್ಕೆ ಹೆಸರು. ಕ್ರೀಡಾಂಗಣ ತೆರೆದಂದಿನಿಂದಲೂ ಜನ ಅಲ್ಲಿ ಕುಳಿತು ಪುಕ್ಕಟೆ ಆಟ ನೋಡುತ್ತಾ ಬಂದಿದ್ದಾರೆ. ನವೀಕರಣದಲ್ಲಿ ಆ ನೋಟಕ್ಕೆ ಅಡ್ಡವಾಗಬಹುದೆಂಬ ಭಯವಿತ್ತು, ಹಾಗಾಗಲಿಲ್ಲ.

ಪ್ರಶ್ನೆ: ನನ್ನ ಮಗಳು ಬರ್ಕ್ಲಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಗೆಳತಿಯರ ಜೊತೆ ಪಂದ್ಯ ನೋಡಲು ಹೋಗುತ್ತೇನೆ ಎನ್ನುತ್ತಾಳೆ. ನಿಮ್ಮ ಅಂಕಣ ಓದಿದ ಮೇಲೆ ನನಗೆ ಹೆದರಿಕೆಯಾಗಿದೆ. ಕಳುಹಿಸಲೇ, ಬೇಡವೇ?
— ತಾಯಿಯೊಬ್ಬರು, ಶಿವಮೊಗ್ಗ

ಉತ್ತರ: ಧಾರಾಳವಾಗಿ ಹೋಗಲಿ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಅಂದಾಜಿನಂತೆ, 2014ರಿಂದ 2043ರವರೆಗಿನ ಮೂವತ್ತು ವರ್ಷಗಳಲ್ಲಿ ಹೇವರ್ಡ್ ಸ್ತರಭಂಗ ಮತ್ತು ಉತ್ತರದಲ್ಲಿ ಅದಕ್ಕೆ ಸೇರಿದ ರಾಜರ್ಸ್ ಕ್ರೀಕ್ ಸ್ತರಭಂಗದಲ್ಲಿ 6.7 ಅಥವಾ ಹೆಚ್ಚಿನ ತೀವ್ರತೆಯ ಕಂಪ ಆಗುವ ಸಾಧ್ಯತೆ ಶೇ. 33. ಇದು ಕಡೆಗಣಿಸುವ ಸಂಖ್ಯೆಯಲ್ಲ. ಆದರೆ ವರ್ಷಕ್ಕೆ ಆರೇಳು ಪಂದ್ಯ, ಒಂದೊಂದು ಮೂರೂವರೆ ಗಂಟೆ. ಕಂಪ ಬಂದರೂ ಅದೇ ಗಂಟೆಗಳಲ್ಲಿ ಬರುವ ಸಾಧ್ಯತೆ ತೀರಾ ಕಡಿಮೆ. ಬಂದರೂ, ಇಂದಿನ ಗ್ಯಾಲರಿ ಅದನ್ನೇ ಎದುರಿಗಿಟ್ಟುಕೊಂಡು ಕಟ್ಟಿದ್ದು.

ನೀವು ವಿಚಾರಿಸಬೇಕಾದದ್ದು ಮಗಳು ದಿನದ ಹೆಚ್ಚು ಹೊತ್ತು ಕಳೆಯುವ ಜಾಗದ ಬಗ್ಗೆ. ಬಾಡಿಗೆ ಮನೆ ಹಳೆಯದಾಗಿದ್ದು, ನೆಲಮಹಡಿಯಲ್ಲಿ ಗೋಡೆಯಿಲ್ಲದೆ ಬರಿಯ ಕಂಬಗಳ ನಡುವೆ ಕಾರು ನಿಲ್ಲಿಸುವ ಜಾಗವಿದ್ದರೆ, ಆ ಕಟ್ಟಡಕ್ಕೆ ಭೂಕಂಪ ಬಲವರ್ಧನೆ ಆಗಿದೆಯೇ ಎಂದು ಮಾಲೀಕರನ್ನು ಕೇಳಲಿ. ಅಂಥ ಕಟ್ಟಡಗಳನ್ನು ಬಲಪಡಿಸುವುದನ್ನು ಬರ್ಕ್ಲಿ ನಗರಾಡಳಿತ ಕಡ್ಡಾಯ ಮಾಡಿದೆ. ಮಂಚದ ತಲೆಯ ಮೇಲೆ ಭಾರದ ಕಪಾಟು ಇಡದಿರಲಿ. ಅದೇ ವಿಶ್ವವಿದ್ಯಾಲಯದ ಭೂಕಂಪ ಪ್ರಯೋಗಾಲಯ ಸಿದ್ಧಪಡಿಸಿದ ಮೈಶೇಕ್ ಎಂಬ ಉಚಿತ ಆ್ಯಪ್ 2019ರ ಅಕ್ಟೋಬರ್‌ನಿಂದ ಇಡೀ ರಾಜ್ಯಕ್ಕೆ ಮುನ್ನೆಚ್ಚರಿಕೆ ಕೊಡುತ್ತಿದೆ. ಅದು ಅವಳ ಫೋನಿನಲ್ಲಿರಲಿ. ಕ್ರೀಡಾಂಗಣದಲ್ಲಿದ್ದಾಗ ನೆಲ ಅಲುಗಿದರೆ ಬಾಗಿಲ ಕಡೆಗೆ ಓಡಬಾರದು. ಕುಳಿತಲ್ಲೇ ಬಗ್ಗಿ, ತಲೆ ಮತ್ತು ಕತ್ತನ್ನು ಎರಡೂ ತೋಳುಗಳಿಂದ ಮುಚ್ಚಿಕೊಂಡು, ಅಲುಗಾಟ ನಿಂತ ಮೇಲೆ ಸಿಬ್ಬಂದಿ ತೋರಿಸಿದ ದಾರಿಯಲ್ಲಿ ನಿಧಾನವಾಗಿ ಹೊರಗೆ ಬರಬೇಕು.